ಹದಿನಾಲ್ಕು ಮನೆಗಳಿಗೆ ಒಂದೇ ಕಾರ್ಡು

ಮುಂಬೈ ಮಲಾಡಿನ ನಮ್ಮ ಹಳೆಯ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದು ಖಚಿತವಾದಾಗ ನನಗೆ ಹತ್ತಿದ ಚಿಂತೆ ಮನೆಯದಲ್ಲ, ಶನಿವಾರದ ಭಜನೆಯದು. ಕನ್ನಡದ ಹದಿನಾಲ್ಕು ಮನೆಗಳು, ವಾರಕ್ಕೊಂದು ಮನೆಯಂತೆ ಸರದಿ. ಎಲ್ಲರೂ ಬೇರೆ ಬೇರೆ ಕಡೆ ಬಾಡಿಗೆಗೆ ಹೋದ ಮೇಲೆ ಯಾರ ಮನೆ, ಯಾವ ಸ್ಟೇಷನ್ ಎಂದು ಯಾರು ನೆನಪಿಡುತ್ತಾರೆ? ವಾಟ್ಸಪ್ಪಿನಲ್ಲಿ ಹಾಕಿದ್ದು ಗುಡ್ ಮಾರ್ನಿಂಗ್ ಹೂಗಳಡಿ ಮುಚ್ಚಿಹೋಗುತ್ತದೆ. ಅದಕ್ಕೇ ಹೆಂಗಸರಿಗೆ ವೆಬ್‌ಪೇಜ್ ಮಾಡಲು ಕಲಿಸುವ ಮಧ್ಯಾಹ್ನದ ಕ್ಲಾಸಿಗೆ ಸೇರಿದೆ.

ಅಲ್ಲಿ ಕಲಿಸಿದ್ದು ಕಾಂಪೊನೆಂಟ್. ಕಾರ್ಡು ಎಂದರೆ ಪುಟದಲ್ಲಿ ಒಂದು ಮನೆಯ ವಿವರ ತೋರಿಸುವ ಚೌಕ. ಅದರ ಅಚ್ಚನ್ನು ಒಮ್ಮೆ ಮಾಡಿಟ್ಟರೆ ಸಾಕು. ಹೆಸರು, ವಿಳಾಸದ ಪಟ್ಟಿ ಬೇರೆ ಇರುತ್ತದೆ, ಪ್ರತಿ ಹೆಸರಿಗೂ ಅದೇ ಅಚ್ಚಿನ ಕಾರ್ಡು ಬರುತ್ತದೆ. ಎರಡು ವಾರ ಒದ್ದಾಡಿ ಮಾಡಿದೆ. ಕುಂಕುಮ ಬಣ್ಣದ ಅಂಚು, ದುಂಡಗಿನ ಮೂಲೆ, ಒಳಗೆ ಉಸಿರಾಡುವಷ್ಟು ಜಾಗ. ಹದಿನಾಲ್ಕು ಮನೆ ಫೋನಿನಲ್ಲಿ ಸಾಲಾಗಿ ಕಂಡಾಗ ದೇವರಿಗೆ ಕೈ ಮುಗಿದೆ. ಈ ವಯಸ್ಸಿನಲ್ಲಿ ಇಷ್ಟಾದರೂ ತಲೆಗೆ ಹತ್ತಿಸಿದನಲ್ಲ.

ಮೊದಲು ಹೊರಟವರು ಕೆಳಮನೆಯವರು, ಕುರ್ಲಾಕ್ಕೆ. ‘ಮನೆ ಖಾಲಿ ಮಾಡಿದ್ದಾರೆ’ ಎಂದು ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಬರೆಯಬೇಕಿತ್ತು. ನಾನು ಬರೆದದ್ದು ಅಚ್ಚಿನಲ್ಲೇ. ಅರ್ಧ ಗಂಟೆಯೊಳಗೆ ಎರಡನೇ ಮಾಳಿಗೆಯ ಅಜ್ಜಿಯ ಫೋನು.

“ನಾನು ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ತಿ. ಕುಕ್ಕರ್ ಇನ್ನೂ ಗ್ಯಾಸಿನ ಮೇಲೇ ಉಂಟು. ನೀನು ಬಿಲ್ಡರಿಗಿಂತ ಫಾಸ್ಟು.”

ತೆರೆದು ನೋಡಿದರೆ ಹದಿನಾಲ್ಕು ಕಾರ್ಡಿನಲ್ಲೂ ಮನೆ ಖಾಲಿ. ಒಂದು ಸಾಲು ಅಳಿಸಿದೆ, ಎಲ್ಲರೂ ವಾಪಸು ಬಂದರು. ಅವತ್ತು ನಕ್ಕೆವು.

ಮಳೆಗಾಲಕ್ಕೆ ಮುಂಚೆ ಬಿಲ್ಡಿಂಗ್ ನಿಜಕ್ಕೂ ಖಾಲಿಯಾಯಿತು. ನಾವು ದಹಿಸರಿಗೆ ಬಂದೆವು. ಹೊಸ ವಿಳಾಸಗಳನ್ನೆಲ್ಲ ತಪ್ಪಿಲ್ಲದೆ ತುಂಬಿದೆ. ಮೊದಲ ಶನಿವಾರ ಐವರು ಸೇರಿದರು, ಮುಂದಿನ ವಾರ ಇಬ್ಬರು. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಮೊಣಕಾಲು ಹಿಡಿದುಕೊಂಡು ಯಾರು ಬರುತ್ತಾರೆ? ದೂರುವ ಹಾಗಿಲ್ಲ. ಕುರ್ಲಾದವರ ಸರದಿಗೆ ನಾನೇ ಹೋಗಲಿಲ್ಲ.

ಈಗ ವಿರಾರಿನ ಮಗಳ ಮನೆಯಲ್ಲಿರುವ ಅಜ್ಜಿಗೆ ಫೋನ್ ಮಾಡಿ, ಪುಟ ನೋಡುತ್ತೀರಾ ಎಂದು ಕೇಳಿದೆ.

“ದಿನಾ ನೋಡ್ತೇನೆ. ಚಂದ ಉಂಟು. ಆದ್ರೆ ಬರ್ಲಿಕ್ಕೆ ಆಗುದಿಲ್ಲ, ನನ್ನನ್ನು ತೆಗಿ.”

ಪಟ್ಟಿಯಿಂದ ಒಂದು ಸಾಲು ತೆಗೆದೆ. ಅವರ ಕಾರ್ಡು ಹೋದಲ್ಲಿ ಕೆಳಗಿನದು ತಾನಾಗಿ ಮೇಲೆ ಬಂದು ಕುಳಿತಿತು. ಅಲ್ಲೊಬ್ಬರು ಇದ್ದರೆಂದು ಗೊತ್ತೇ ಆಗುವುದಿಲ್ಲ. ಹಾಗೆ ಮಾಡಿಟ್ಟವಳು ನಾನೇ.

ಈ ಶನಿವಾರದ ಸರದಿ ನಮ್ಮದು. ಏಳೂವರೆಯವರೆಗೆ ಕಾದು, ಒಬ್ಬಳೇ ಹಾಡಿದೆ. ತಾಳದ ಸದ್ದು ಜಾಸ್ತಿಯಾಯಿತೆಂದು ಪಕ್ಕದ ಮನೆಯವರು ಬಾಗಿಲು ಬಡಿಯಲಿಲ್ಲ. ಅಷ್ಟು ಕೃಪೆಯಾಯಿತು.