ಹೆಗಲ ಮೇಲಿನ ಬುತ್ತಿ

ಹುಮನಾಬಾದಿನ ನಮ್ಮ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹಿರಿಯರು ಎಲ್ಲಿಗೆ ಹೊರಟರೂ ರೊಟ್ಟಿಯ ಗಂಟು ಹೆಗಲಿಗೇರಿಸುತ್ತಿದ್ದರು. "ಬುತ್ತಿ ಇದ್ರ ಯಾವೂರಾದ್ರೂ ನಮ್ಮೂರೇ ರೀ" ಎನ್ನುತ್ತಿದ್ದರು.

ಬೇಸಿಗೆಯ ಒಂದು ಭಾನುವಾರ ಗೆಳೆಯರೆಲ್ಲ ಆ ಹಿರಿಯರನ್ನೂ ಕರೆದುಕೊಂಡು ಹೈದರಾಬಾದಿಗೆ ಹೋದೆವು. ಬಸವಕಲ್ಯಾಣದ ನಾನು ಹೊಸ ಕಪ್ಪು ಕನ್ನಡಕ ಏರಿಸಿ ಆಗಲೇ ಅರ್ಧ ಹೈದರಾಬಾದಿಯಾಗಿದ್ದೆ. ಉಳಿದವರು ಆಗಲೇ ಒಳಗೆ ಹೋಗಿದ್ದರು. ಶಾಪಿಂಗ್ ಮಾಲಿನ ಬಾಗಿಲಲ್ಲಿ ಬೀದರ ಕಡೆಯ ಕಾವಲುಗಾರ ಹಿರಿಯರ ಗಂಟನ್ನು ತಡೆದು, "ಇವ್ರು ನಿಮ್ಮ ಜೋಡಿ ಬಂದಾರೇನ್ರಿ?" ಎಂದು ನನ್ನನ್ನು ಕೇಳಿದ. "ಇಲ್ಲ" ಎಂದು ಒಳಗೆ ನಡೆದೆ. ಅವರಿಗೂ ಕೇಳಿಸಿತ್ತು, ಗಂಟು ಇಳಿಸಿ ಮೆಟ್ಟಿಲ ಮೇಲೆ ಕುಳಿತರು.

ಬಿರಿಯಾನಿಯ ಸಾಲಿನಲ್ಲಿ ಎರಡು ತಾಸು ನಿಂತೆ. ನನ್ನ ಸರದಿ ಬರುವಷ್ಟರಲ್ಲಿ ಅದು ಮುಗಿದಿತ್ತು. ಹೊರಬಂದರೆ ಅದೇ ಕಾವಲುಗಾರ ಅವರ ಪಕ್ಕ ಕೂತು ರೊಟ್ಟಿ ಮುರಿಯುತ್ತಿದ್ದ. ನನ್ನತ್ತ ಕೈ ತೋರಿಸಿ ಅವರನ್ನು ಕೇಳಿದ: "ಇವ್ರು ನಿಮ್ಮ ಜೋಡಿ ಬಂದಾರೇನ್ರಿ?"

"ಹೌದ್ರಿ, ನಮ್ಮವ್ರೇ. ಹಸದಾರ, ಜರಾ ಸರೀರಿ."

ರೊಟ್ಟಿ ತಿನ್ನುವಾಗಲೂ ನನಗೆ ಕನ್ನಡಕ ತೆಗೆಯುವ ಧೈರ್ಯ ಬರಲಿಲ್ಲ.