ಹಾರಿಸ್‌ನ ಮೇಜಿನ ಮೇಲೆ ಸ್ವೆಟರ್ ರಾಶಿ

ಕುವೈತ್‌ನ ಬೇಸಿಗೆಯಲ್ಲಿ ನಾವು ಸಮಾರಂಭಕ್ಕೆ ಹೊರಡುವಾಗ ಮರೆಯದೆ ಸ್ವೆಟರ್ ತಗೊಳ್ತೇವೆ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ, ಹಾಲ್‌ನೊಳಗೆ ಏಸಿಗೆ ಹಲ್ಲು ಕಟಕಟ ಅನ್ನುತ್ತದೆ. ಅವತ್ತು ಬ್ನೇದ್ ಅಲ್ ಗಾರ್ ಬಡಾವಣೆಯ ಒಂದು ಹಾಲ್‌ನಲ್ಲಿ ಇಲ್ಲಿರುವ ನಮ್ಮೂರ ಕಡೆಯವರ ಮಕ್ಕಳಿಗೆ ಹವಾಮಾನ ಶಿಬಿರ. ಉಣ್ಣೆಯ ಸ್ವೆಟರ್ ತೊಟ್ಟ ನಾನು, ಭೂಮಿ ಬಿಸಿಯಾಗುತ್ತಿದೆ ಎಂದು ಗಂಭೀರವಾಗಿ ಹೇಳುತ್ತಿದ್ದೆ.

ಹತ್ತನೇ ಕ್ಲಾಸಿನ ಶರಲ್ ಕೈ ಎತ್ತಿದಳು. "ಅಂಕಲ್, ದೆನ್ ವೈ ಆರ್ ಯೂ ವೇರಿಂಗ್ ದಟ್?"

ಎಲ್ಲರೂ ಗೊಳ್ಳೆಂದು ನಕ್ಕರು.

"ಏಸಿ ರಿಮೋಟ್ ಹಾರಿಸ್ ಹತ್ತಿರ ಇದೆಯಮ್ಮ" ಎಂದೆ. ಹಾರಿಸ್ ಅಂದರೆ ಕಟ್ಟಡ ನೋಡಿಕೊಳ್ಳುವವ, ಈಜಿಪ್ಟಿನವ.

"ಸೋ ಆಸ್ಕ್ ಹಿಮ್!"

ಇಷ್ಟು ವರ್ಷದಲ್ಲಿ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಶರಲ್ ಶಾಲೆಯಲ್ಲಿ ಕಲಿತ ಅರಬಿಯಲ್ಲಿ ತಾನೇ ಹೋಗಿ ಕೇಳಿದಳು. ಅವನು ತಲೆ ಅಲ್ಲಾಡಿಸಿದ. "ಸೆಕೆ ಅಂತ ಯಾರಾದರೂ ದೂರು ಕೊಟ್ಟರೆ ಮಾಲೀಕ ನನ್ನನ್ನು ಬಿಡ್ತಾನಾ?"

ಶರಲ್ ವಾಪಸ್ ಬಂದು, ನನ್ನದೂ ಸೇರಿಸಿ ಎಲ್ಲರ ಸ್ವೆಟರು, ಶಾಲು ಬಿಚ್ಚಿಸಿದಳು. ಮಕ್ಕಳ ಮೆರವಣಿಗೆಯೇ ಹೊರಟು ಅವನ ಮೇಜಿನ ಮೇಲೆ ರಾಶಿ ಹಾಕಿತು. "ಇವರು ಸೆಕೆ ಅಂತ ದೂರ್ತಾರಾ?" ಎಂದು ಶರಲ್ ಕೇಳಿದಳು.

ಹಾರಿಸ್ ಹೊಟ್ಟೆ ಕುಲುಕಿಸಿ ನಕ್ಕು, "ಯಲ್ಲಾ, ಖಲಾಸ್!" ಆಯ್ತು, ಮುಗೀತು ಎಂದು ರಿಮೋಟ್ ಒತ್ತಿ ಏಸಿಯ ಚಳಿ ತಗ್ಗಿಸಿದ. ಮಕ್ಕಳು ಕುಣಿದಾಡಿದರು.

ಯುವಜನರನ್ನು ಹುರಿದುಂಬಿಸುವುದು ಹೇಗೆ ಎಂಬ ನನ್ನ ಸ್ಲೈಡುಗಳು ಹಾಗೇ ಉಳಿದವು. ಗಡಿಬಿಡಿಯಲ್ಲಿ ನನ್ನ ಕೈಗೆ ಸಿಕ್ಕಿದ ಯಾರದೋ ಗುಲಾಬಿ ಶಾಲು ಇನ್ನೂ ಕಾರಿನಲ್ಲಿದೆ. ಇಷ್ಟು ದಿನವಾದರೂ ಯಾರೂ ಕೇಳಿಲ್ಲ. ಈಗ ಹಾಲ್‌ನಲ್ಲಿ ಅದರ ಅಗತ್ಯ ಬೀಳುತ್ತಿಲ್ಲವೇನೋ.