ಸೀಳಿಲ್ಲದ ಸೂರ್ಯ

ಇವತ್ತು ಬೆಳಿಗ್ಗೆ ಸೇಡಂನ ನಮ್ಮ ಮನೆಯಂಗಳದಲ್ಲಿ ಠಣ್ ಠಣ್ ಸದ್ದು. ಅಡುಗೆಮನೆಗೆ ಹಾಸಲು ಶಹಾಬಾದಿನ ಫರಸಿ ಕಲ್ಲು ಬಂದಿವೆ. ನನ್ನಾಕೆ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದಾಳೆ. ಒಳಗೆ ಸೀಳು ಇದ್ದರೆ ಸದ್ದು ಮಂಕಾಗುತ್ತದೆ. ಗಟ್ಟಿ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ. ಅವಳು ಕಲ್ಲಿನ ವ್ಯಾಪಾರದವರ ಮಗಳು. ಆ ಸದ್ದು ಕೇಳಿದರೆ ನನ್ನ ಎದೆ ಈಗಲೂ ಡವಗುಟ್ಟುತ್ತದೆ. ಯಾಕೆಂದು ಹೇಳುತ್ತೇನೆ, ನಗಬಾರದು.

ಅವಳನ್ನು ನೋಡಲು ಶಹಾಬಾದಿಗೆ ಹೋದದ್ದು ಮೇ ತಿಂಗಳ ಮಧ್ಯಾಹ್ನ. ಮುಂದೆ ತಟ್ಟೆಯಲ್ಲಿ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ. ನಾನಾಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದ ಹೊಸತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದಂತೆ, ಏನು ಕಲಿಸುತ್ತೀರಿ ಎಂದು ಕೇಳಿದ್ದಕ್ಕೆ ಸೂರ್ಯನನ್ನೇ ಇಳಿಸಿಬಿಟ್ಟೆ.

"ಈಗ ಸೂರ್ಯ ಭಾಳ ಸುಮ್ಮನಾಗ್ಯಾನ್ರಿ. ಮೈಮ್ಯಾಲೆ ಕಲೆನೇ ಇಲ್ಲ."

ಅವಳ ಸೋದರಮಾವ ಟವೆಲ್ಲಿನಿಂದ ಬೆವರೊರೆಸಿಕೊಂಡ. "ಶಾಬಾದಿನಾಗ ಕುಂತು ಸೂರ್ಯ ಸುಮ್ಮನಾಗ್ಯಾನ ಅಂತೀರಲ್ರಿ! ಹುಡುಗಗ ಬಿಸಲು ಹತ್ಯದ, ಮಜ್ಜಿಗಿ ಕೊಡ್ರಿ."

ಮನೆಯೆಲ್ಲ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ, ತಲೆಯೆತ್ತಲಿಲ್ಲ. ನನಗೋ ಅವಳು ನೋಡಿದ ಕೂಡಲೇ ಹಿಡಿಸಿಬಿಟ್ಟಿದ್ದಳು. "ಹುಡುಗಿ ಒಲ್ಲೆ ಅನ್ನೋಹಂಗ ಕಾಣಸ್ತದ, ಏಳಪ್ಪ" ಎಂದು ಅವ್ವ ಕಿವಿಯಲ್ಲಿ ಉಸುರಿದಾಗ ಕೈಯಲ್ಲಿದ್ದ ಭಜಿ ತಟ್ಟೆಗೆ ಹಾಕಿದೆ.

ಹೊರಡಲೆಂದು ಎದ್ದಾಗ ಅವಳು ಮೊದಲ ಸಲ ಬಾಯಿಬಿಟ್ಟಳು. "ಕಲೆ ಇಲ್ಲಂದ್ರ ಒಳಗೂ ಸುಮ್ಮನೇ ಇರ್ತಾನೇನ್ರಿ?"

ನನಗೆ ಜೀವ ಬಂತು. "ಇಲ್ರಿ. ಒಳಗ ಕುದಿಯೋದು ನಿಲ್ಲಂಗಿಲ್ಲ. ಆ ಕುದಿತಕ್ಕ ಮೈಯೆಲ್ಲ ಗಂಟಿ ಹಂಗ ನಡಗತದ. ಮ್ಯಾಲೆ ಸುಮ್ಮನಿದ್ದಾಗ ದನಿ ಒಂದೀಟು ಕೆಳಗಿಳೀತದ, ಆದ್ರ ಜೋರಾಗ್ತದ."

"ನಮಗ ಕೇಳಸ್ತದೇನ್ರಿ?"

"ಕೇಳಸಂಗಿಲ್ಲ. ಮೈ ಏರಿಳಿಯೋದು ನೋಡಿ ತಿಳಕೊಳ್ಳೋದು."

ಅವಳು ಮತ್ತೆ ತಲೆತಗ್ಗಿಸಿದಳು. ಆದರೆ ಸೆರಗು ಹಿಡಿದ ಬೆರಳು ನಡುಗುತ್ತಿದ್ದುದನ್ನು ನಾನು ಕಂಡೆ. ಅಂಗಳದಲ್ಲಿ ಮಾರಾಟಕ್ಕಿಟ್ಟ ಕಲ್ಲುಗಳ ಸಾಲಿನ ನಡುವೆ ನಮ್ಮನ್ನು ಕಳಿಸಲು ಬಂದ ಅವಳಪ್ಪ ಎಲ್ಲರೆದುರೇ ಕೇಳಿದರು: "ಏನವ್ವ, ಹುಡುಗ ಹೆಂಗನಸ್ತಾನ?"

"ಸೀಳಿಲ್ಲ, ಅಪ್ಪಾ."

ಒಳ್ಳೆಯ ಕಲ್ಲು ಸಿಕ್ಕಾಗ ಗಿರಾಕಿಗೆ ಅವರು ಹೇಳುವ ಮಾತದು. ಸೋದರಮಾವನ ನಗು ವಾಡಿ ಸ್ಟೇಷನ್ನಿಗೂ ಕೇಳಿರಬೇಕು. ನಾನು ಆ ಉರಿಬಿಸಿಲಲ್ಲಿ ಚಪ್ಪಲಿ ಮರೆತು ಜೀಪು ಹತ್ತಿದ್ದೆ!

ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಆಗುವಂತೆ, ಸೂರ್ಯನ ಕಲೆಗಳು ಮತ್ತೆ ಕಡಿಮೆಯಾಗುವ ಕಾಲ ಬರುತ್ತಿದೆ. ನನ್ನ ಕೂದಲು ಅದಕ್ಕೂ ಮೊದಲೇ ಕಡಿಮೆಯಾಗಿದೆ. ಈಚೆಗೆ ಮನೆಯಲ್ಲಿ ಮಾತೂ ಕಡಿಮೆ. ಇವಳಿಗೆ ನಾನು ಬೇಸರವಾದೆನೋ ಎಂದು ಆಗಾಗ ಮನಸ್ಸು ಅಳುಕುತ್ತದೆ. ಇವತ್ತು ಧೈರ್ಯಮಾಡಿ ಕಲ್ಲುಗಳ ಪಕ್ಕ ಕುಳಿತು, "ನನ್ನೂ ಒಮ್ಮೆ ತಟ್ಟಿ ನೋಡು" ಎಂದೆ.

ಅವಳು ಸುತ್ತಿಗೆ ಕೆಳಗಿಟ್ಟು, ಬೆರಳ ಗೆಣ್ಣಿನಿಂದ ನನ್ನ ಬೋಳುತಲೆ ತಟ್ಟಿ, ಕಿವಿಯಿಟ್ಟು ಕೇಳಿದಳು.

"ದನಿ ಒಂದೀಟು ಇಳದದ" ಎಂದಳು. "ಸೀಳಿಲ್ಲ. ಏಳ್ರಿ, ಒಳಗ ನಡೀರಿ."